ಮಗ್ಗದ ಸೀಮೆಯಲ್ಲಿ ಸರಳ ವಿಶ್ವಾಸ: ಕೃಷ್ಣಾ-ಘಟಪ್ರಭಾ ನಾಡಿನ ಕ್ರೈಸ್ತ ಶಿಸ್ತಿನ ಚರಿತ್ರೆ

ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸುಪಾಸಿನಲ್ಲಿ ಹರಡಿಕೊಂಡಿರುವ, ಎರೆಹೊಲ ಮತ್ತು ಮಗ್ಗ ಎರಡನ್ನೂ ನೆಚ್ಚಿ ಬದುಕಿದ ಸೀಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆ ಒಂದೇ ಆಡಳಿತದಲ್ಲಿ ಇರಲಿಲ್ಲ. ಜಮಖಂಡಿಯನ್ನು ಪಟವರ್ಧನರು ಆಳುತ್ತಿದ್ದರು, ಮುಧೋಳ ಘೋರ್ಪಡೆಯವರ ಸಂಸ್ಥಾನವಾಗಿತ್ತು, ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು, ಬೀಳಗಿಯಾದರೋ ಬ್ರಿಟಿಷರ ನೇರ ಆಡಳಿತದ ಕಲಾದಗಿ ಜಿಲ್ಲೆಯ ಭಾಗವಾಗಿತ್ತು. ಈ ಜಿಲ್ಲೆಯ ಕೇಂದ್ರ 1885ರಲ್ಲಿ ವಿಜಾಪುರಕ್ಕೆ ಸ್ಥಳಾಂತರಗೊಂಡ ಮೇಲೆ ಅದಕ್ಕೆ ವಿಜಾಪುರ ಜಿಲ್ಲೆ ಎಂಬ ಹೆಸರು ಬಂದಿತು. ಹೀಗೆ ಹಂಚಿಹೋಗಿದ್ದ ನಾಡಿಗೆ ಪ್ರೊಟೆಸ್ಟೆಂಟ್ ಕ್ರೈಸ್ತ ಧರ್ಮ ಬಂದದ್ದು ಎರಡು ದಿಕ್ಕುಗಳಿಂದ: ದಕ್ಷಿಣದಲ್ಲಿ ಗುಳೇದಗುಡ್ಡ ಮತ್ತು ಬೆಟಗೇರಿಗಳ ಬಾಸೆಲ್ ಮಿಷನ್ ಠಾಣೆಗಳಿಂದ, ಪಶ್ಚಿಮದಲ್ಲಿ ಬೆಳಗಾವಿಯ ಲಂಡನ್ ಮಿಷನ್ನಿನಿಂದ. ಸಂಖ್ಯೆಯ ದೃಷ್ಟಿಯಿಂದ ನೋಡಿದರೆ ಈ ಸೀಮೆಯ ಕ್ರೈಸ್ತರು ಎಂದಿಗೂ ಒಂದು ಸಣ್ಣ ಸಮುದಾಯವೇ. ಆದರೆ ಲೋಕದ ಆಕರ್ಷಣೆಗಳ ನಡುವೆ ವಿಶ್ವಾಸವನ್ನು ಸರಳವಾಗಿ ಕಾಪಾಡಿಕೊಳ್ಳಬೇಕೆಂಬ ಒಂದು ಹಂಬಲ ಯುರೋಪಿನಿಂದ ಬಂದು, ಮಗ್ಗದ ಕುಣಿಯಲ್ಲಿ ಕುಳಿತವರ ಬದುಕಿನಲ್ಲಿ ಹೇಗೆ ಪರೀಕ್ಷೆಗೆ ಒಳಗಾಯಿತು ಎಂಬುದನ್ನು ಅರಿಯಲು ಈ ಸಣ್ಣ ಸಮುದಾಯದ ಚರಿತ್ರೆಯೇ ಹೆಚ್ಚು ಅನುಕೂಲವಾದುದು.

ಭಕ್ತಿಯ ಶಿಸ್ತು ಬಂದ ದಾರಿ

ಬಾಸೆಲ್ ಮಿಷನ್ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಸಂಸ್ಥೆಯಾದರೂ ಅದರ ಮಿಷನರಿಗಳಲ್ಲಿ ಬಹುಪಾಲು ಜನ ನೈರುತ್ಯ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದವರು. ಅವರಲ್ಲಿ ಅನೇಕರು ರೈತರ, ಕುಶಲಕರ್ಮಿಗಳ ಮನೆಯ ಮಕ್ಕಳು. ಆ ಪ್ರಾಂತದಲ್ಲಿ ಬೇರುಬಿಟ್ಟಿದ್ದ ಧಾರ್ಮಿಕ ಚಳವಳಿಗೆ ಪಯಟಿಸಂ ಎಂದು ಹೆಸರು. ಫಿಲಿಪ್ ಯಾಕೋಬ್ ಸ್ಪೆನರ್ 1675ರಲ್ಲಿ ಪ್ರಕಟಿಸಿದ ಒಂದು ಪುಸ್ತಕದಿಂದ ಬಲ ಪಡೆದ ಈ ಚಳವಳಿ, ಚರ್ಚಿನ ಸಿದ್ಧಾಂತಗಳನ್ನು ಒಪ್ಪಿಕೊಂಡ ಮಾತ್ರಕ್ಕೆ ಒಬ್ಬನು ಕ್ರೈಸ್ತನಾಗುವುದಿಲ್ಲ, ಅವನ ಮನಸ್ಸು ತಿರುಗಿ ನಿತ್ಯದ ನಡತೆ ಬದಲಾಗಬೇಕು ಎಂದು ಒತ್ತಿ ಹೇಳಿತು. ಮನೆಮನೆಯಲ್ಲಿ ಸಣ್ಣ ಗುಂಪು ಸೇರಿ ಬೈಬಲ್ ಓದುವುದು, ಮನೆಯ ಯಜಮಾನನೇ ಬೆಳಗು ಬೈಗು ಪ್ರಾರ್ಥನೆ ನಡೆಸುವುದು, ಭಾನುವಾರವನ್ನು ಸಂಪೂರ್ಣವಾಗಿ ದೇವರಿಗೆ ಬಿಟ್ಟುಕೊಡುವುದು, ಆಡಂಬರದ ಉಡುಪು, ಜೂಜು, ನಾಟಕ ಮತ್ತು ಕುಡಿತದಿಂದ ದೂರವಿರುವುದು ಇದರ ಮುಖ್ಯ ಲಕ್ಷಣಗಳು. 1819ರಲ್ಲಿ ಸ್ಟುಟ್‌ಗಾರ್ಟ್ ಬಳಿ ಕೊರ್ನ್‌ಟಾಲ್ ಎಂಬ ಒಂದು ಊರೇ ಈ ಶಿಸ್ತಿನ ಮೇಲೆ ನಿರ್ಮಾಣವಾಯಿತು.

ಈ ಜನರ ಮನಸ್ಸಿನಲ್ಲಿ ‘ಲೋಕ’ ಎಂಬುದು ಯಾವ ರೂಪದಲ್ಲಿತ್ತು ಎಂಬುದನ್ನು ತೋರಿಸುವ ಒಂದು ಚಿತ್ರವಿದೆ. ಸ್ಟುಟ್‌ಗಾರ್ಟಿನ ಚಾರ್ಲೊಟ್ ರೈಹ್ಲೆನ್ ಎಂಬ ಭಕ್ತೆಯ ಕಲ್ಪನೆಯಂತೆ 1866ರಲ್ಲಿ ಅಚ್ಚಾದ ಈ ಚಿತ್ರಕ್ಕೆ ಅಗಲವಾದ ದಾರಿ ಮತ್ತು ಇಕ್ಕಟ್ಟಾದ ದಾರಿ ಎಂಬ ಹೆಸರಿದ್ದು, ಮತ್ತಾಯನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಬರುವ ಎರಡು ಬಾಗಿಲುಗಳ ಬೋಧನೆಯೇ ಅದರ ಆಧಾರ. ಎಡಬದಿಗೆ ವಿಶಾಲವಾದ ಹೆಬ್ಬಾಗಿಲು, ಅದರಾಚೆ ಹೋಟೆಲು, ನಾಟಕಶಾಲೆ, ಜೂಜಿನ ಮನೆ, ಗುಂಪುಗುಂಪಾಗಿ ಹೊರಟ ಸಿಂಗಾರದ ಜನ, ದೂರದಲ್ಲಿ ಓಡುತ್ತಿರುವ ರೈಲು, ಕೊನೆಯಲ್ಲಿ ಉರಿಯುತ್ತಿರುವ ನಗರ. ಬಲಬದಿಗೆ ಗೋಡೆಯಲ್ಲೊಂದು ಪುಟ್ಟ ಬಾಗಿಲು, ಅದರಾಚೆ ಏರುದಾರಿ, ನೀರಿನ ಬುಗ್ಗೆ, ಚರ್ಚು, ಭಾನುವಾರದ ಶಾಲೆ, ಅನಾಥ ಮಕ್ಕಳ ಮನೆ, ತುದಿಯಲ್ಲಿ ದೇವರ ನಗರ. ಬಲಬದಿಯ ದಾರಿಯಲ್ಲಿ ಚರ್ಚಿನ ಜೊತೆಗೆ ಅನಾಥಾಲಯವನ್ನೂ ಶಾಲೆಯನ್ನೂ ಇಟ್ಟಿರುವುದು ಗಮನಾರ್ಹ, ಏಕೆಂದರೆ ಈ ಪಂಥದವರಿಗೆ ಸರಳತೆಯೆಂದರೆ ಲೋಕವನ್ನು ಬಿಟ್ಟು ಕಾಡಿಗೆ ಹೋಗುವುದಾಗಿರಲಿಲ್ಲ. ಊರಿನ ನಡುವೆಯೇ ಇದ್ದು ದುಡಿಯುತ್ತ, ದುಡಿದದ್ದನ್ನು ತಮ್ಮ ಸುಖಕ್ಕೆ ಬಳಸದೆ ಪರರ ಸೇವೆಗೆ ತೊಡಗಿಸುವುದು ಅವರ ಆದರ್ಶವಾಗಿತ್ತು.

ಈಸ್ಟ್ ಇಂಡಿಯಾ ಕಂಪನಿಯ 1833ರ ಸನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆದ ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಸ್ಯಾಮುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಘಟ್ಟ ಹತ್ತಿ ಬಂದ ಬಾಸೆಲ್ಲಿನವರು 1837ರಲ್ಲಿ ಧಾರವಾಡದಲ್ಲೂ 1839ರಲ್ಲಿ ಹುಬ್ಬಳ್ಳಿಯಲ್ಲೂ 1841ರಲ್ಲಿ ಗದಗಿನ ಪಕ್ಕದ ಬೆಟಗೇರಿಯಲ್ಲೂ 1851ರಲ್ಲಿ ಗುಳೇದಗುಡ್ಡದಲ್ಲೂ ಠಾಣೆಗಳನ್ನು ತೆರೆದರು. ಮಿಷನರಿ ವಾಸವಾಗಿರುವ, ಶಾಲೆ ಮತ್ತು ಪ್ರಾರ್ಥನಾಲಯವಿರುವ ಕೇಂದ್ರವನ್ನು ಆಗ ‘ಠಾಣೆ’ ಎನ್ನಲಾಗುತ್ತಿತ್ತು. ಈ ಠಾಣೆಗಳೆಲ್ಲ ಬ್ರಿಟಿಷ್ ತಾಲ್ಲೂಕುಗಳಲ್ಲಿ ನಿಂತವು. ಸಂಸ್ಥಾನಗಳಾಗಿದ್ದ ಜಮಖಂಡಿ ಮತ್ತು ಮುಧೋಳಗಳಲ್ಲಿ ಬಾಸೆಲ್ಲಿನ ಮುಖ್ಯ ಠಾಣೆ ಏಳಲಿಲ್ಲ. ಲಂಡನ್ ಮಿಷನ್ ಇದಕ್ಕೂ ಮೊದಲೇ ಈ ಭಾಗಕ್ಕೆ ಬಂದಿತ್ತು. ಬಳ್ಳಾರಿಯಲ್ಲಿ 1810ರಲ್ಲಿ ನೆಲೆಸಿದ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲಿನ ಕೆಲಸ ಹಿಡಿದು 1831ರ ಹೊತ್ತಿಗೆ ಅದನ್ನು ಪೂರ್ತಿಗೊಳಿಸಿದನು. ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಯಲ್ಲಿ ಕೆಲಸ ಆರಂಭಿಸಿದನು.

ಮಿಷನರಿಗಳಿಗೂ ಕಟ್ಟುಪಾಡುಗಳು ಕಡಿಮೆ ಇರಲಿಲ್ಲ. ಬಾಸೆಲ್ಲಿನ ಆಡಳಿತ ಮಂಡಳಿಯಾದ ಕಮಿಟಿಯ ಒಪ್ಪಿಗೆಯಿಲ್ಲದೆ ಅವರು ಮದುವೆಯಾಗುವಂತಿರಲಿಲ್ಲ, ಸ್ವಂತ ವ್ಯಾಪಾರ ಮಾಡುವಂತಿರಲಿಲ್ಲ, ಸಿಗುತ್ತಿದ್ದ ಸಂಭಾವನೆ ಬದುಕಿಗೆ ಸಾಲುವಷ್ಟೇ ಆಗಿರುತ್ತಿತ್ತು. ಮುಂದೆ ಮಂಗಳೂರ ಸಮಾಚಾರ ಪತ್ರಿಕೆಯನ್ನು 1843ರಲ್ಲಿ ಆರಂಭಿಸಿದ ಹೆರ್ಮನ್ ಮೊಗ್ಲಿಂಗ್ ತನ್ನ ವಿದ್ಯಾರ್ಥಿಗಳೊಡನೆ ಒಂದೇ ಮನೆಯವನಂತೆ ಬದುಕಲು ಯತ್ನಿಸಿದನು. 1853ರಲ್ಲಿ ಬಂದು ಧಾರವಾಡದ ಸೀಮೆಯಲ್ಲಿ ಕೆಲಸ ಆರಂಭಿಸಿದ ಫರ್ಡಿನಾಂಡ್ ಕಿಟ್ಟೆಲ್ ಕುದುರೆಯನ್ನು ಬಿಟ್ಟು ಕಾಲ್ನಡಿಗೆಯಲ್ಲಿ ಊರೂರು ತಿರುಗಿ ಜನರಿಗೆ ಹತ್ತಿರವಾಗಲು ಹೊರಟಾಗ, ಅದು ಸಂಸ್ಥೆಯ ಹಿರಿಯರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಸರಳತೆ ಒಬ್ಬ ವ್ಯಕ್ತಿಯ ಸ್ವಂತ ಆಯ್ಕೆಯಾಗಬೇಕೇ ಅಥವಾ ಸಂಸ್ಥೆಯ ನಿಯಮವಾಗಬೇಕೇ ಎಂಬ ಪ್ರಶ್ನೆ ಮಿಷನ್ನಿನ ಒಳಗೇ ಎದ್ದಿತ್ತು ಎಂಬುದಕ್ಕೆ ಇದು ನಿದರ್ಶನ.

ನಾಡಿನಲ್ಲಿ ಮೊದಲೇ ಇದ್ದ ಸರಳ ಭಕ್ತಿ

ಬಂದವರು ಬರಡು ನೆಲಕ್ಕೆ ಬರಲಿಲ್ಲ. ಕೃಷ್ಣಾ-ಮಲಪ್ರಭಾ ನದಿಗಳು ಕೂಡುವ, ಶಿವಶರಣರ ಪವಿತ್ರ ಕ್ಷೇತ್ರವಾದ ಕೂಡಲಸಂಗಮ ಇದೇ ಜಿಲ್ಲೆಯಲ್ಲಿದೆ. ದೇವರಿಗೂ ಭಕ್ತನಿಗೂ ನಡುವೆ ಪುರೋಹಿತ ಬೇಡ, ದೊಡ್ಡ ಗುಡಿ ಬೇಡ, ಮೈಮುರಿದು ದುಡಿಯುವ ಕಾಯಕವೂ ದುಡಿದದ್ದನ್ನು ಹಂಚುವ ದಾಸೋಹವೂ ಸಾಕು ಎಂಬ ಶರಣರ ನಿಲುವು ಇಲ್ಲಿನ ನೇಕಾರ ಕೇರಿಗಳಲ್ಲಿ ಹನ್ನೆರಡನೆಯ ಶತಮಾನದಿಂದ ಹರಿದುಬಂದಿತ್ತು. ವಚನಕಾರ ದಾಸಿಮಯ್ಯ ನೇಯ್ಗೆಯ ಕಾಯಕದವನೇ ಆಗಿದ್ದನು. ಇದರ ಜೊತೆಗೆ, ಮುಂದೆ ಬರಲಿರುವ ಒಳ್ಳೆಯ ಕಾಲವನ್ನು ಗೂಢವಾದ ಮಾತಿನಲ್ಲಿ ಸಾರುವ ಕಾಲಜ್ಞಾನ ಪರಂಪರೆಯೂ ಈ ಭಾಗದಲ್ಲಿ ಜೀವಂತವಾಗಿತ್ತು. ಕೊಡೇಕಲ್ಲ ಬಸವಣ್ಣನ ಹೆಸರಿಗೆ ಸೇರಿದ ಇಂತಹ ನುಡಿಗಳನ್ನು ನಂಬಿದವರು ಜಾತಿ ಮತಗಳ ಗೋಡೆಗಳನ್ನು ಸಡಿಲಿಸಿ ಬದುಕಿದವರು.

ಧಾರವಾಡದ ಸೀಮೆಯಲ್ಲಿ ಕಾಲಜ್ಞಾನವನ್ನು ನಂಬಿದ ಒಂದು ಗುಂಪು 1840ರ ಹೊತ್ತಿಗೆ ಮಿಷನರಿಗಳನ್ನು ಕಂಡು, ತಮ್ಮ ನುಡಿಗಳಲ್ಲಿ ಹೇಳಿದ್ದ ಗುರುಗಳು ಇವರೇ ಇರಬಹುದೆಂದು ಭಾವಿಸಿತು. ಈ ಜನ ಗುಂಪಾಗಿ ಕ್ರೈಸ್ತರಾಗುವರೆಂಬ ನಿರೀಕ್ಷೆಯಲ್ಲಿ 1841ರಲ್ಲಿ ಗದಗಿನ ಹತ್ತಿರ ಮಲಸಮುದ್ರ ಎಂಬಲ್ಲಿ ಬೇಸಾಯದ ಜಮೀನು ಪಡೆದು ಒಂದು ಕ್ರೈಸ್ತ ವಸಾಹತನ್ನು ಕಟ್ಟುವ ಯೋಜನೆ ರೂಪುಗೊಂಡಿತು. ಊರಿನ ಜಾತ್ರೆ, ಜಾತಿ, ಸಾಲಗಾರರ ಕಾಟ ಎಲ್ಲದರಿಂದ ದೂರವಾಗಿ, ಒಂದು ಪುಟ್ಟ ಕೊರ್ನ್‌ಟಾಲ್ ಕರಿನೆಲದ ಮೇಲೆ ಏಳಬೇಕೆಂಬುದು ಅದರ ಹಿಂದಿನ ಕನಸು. ಆದರೆ ನಿರೀಕ್ಷಿಸಿದ ಜನ ಬರಲಿಲ್ಲ. ವಸಾಹತು ಬೆಳೆಯದೆ ಕೆಲವು ವರ್ಷಗಳಲ್ಲಿ ಮೂಲ ಉದ್ದೇಶವನ್ನೇ ಕಳೆದುಕೊಂಡಿತು. ಕಾಲಜ್ಞಾನದವರು ಹುಡುಕುತ್ತಿದ್ದುದು ಒಬ್ಬ ಗುರುವನ್ನು. ಮಿಷನ್ ಅವರಿಗೆ ನೀಡಲು ಹೊರಟದ್ದು ಜಮೀನನ್ನೂ ಯಜಮಾನಿಕೆಯನ್ನೂ. ಮುಂದಿನ ಒಂದು ಶತಮಾನದ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ತೊಡಕು ಇಲ್ಲಿಯೇ ಮೊದಲು ಗೋಚರಿಸುತ್ತದೆ.

ಗುಳೇದಗುಡ್ಡದಲ್ಲಿ ಆದದ್ದು ಬೇರೆ. ಖಣ ಎಂಬ ಕುಪ್ಪಸದ ಬಟ್ಟೆಗೆ ಹೆಸರಾದ ಆ ಊರಿನಲ್ಲಿ ಸಭೆ, ಅಂದರೆ ಸ್ಥಳೀಯ ಕ್ರೈಸ್ತ ಸಮುದಾಯ, ನೇಕಾರ ಕುಟುಂಬಗಳ ನಡುವೆ ಬೆಳೆಯಿತು. ಅವರು ಊರು ಬಿಡಲಿಲ್ಲ, ಮಗ್ಗವನ್ನೂ ಬಿಡಲಿಲ್ಲ. ಗುಳೇದಗುಡ್ಡ, ಇಳಕಲ್ಲ, ಕಮತಗಿ, ಮಹಾಲಿಂಗಪುರ, ತೇರದಾಳ, ರಬಕವಿ, ಬನಹಟ್ಟಿ ಎಂಬ ನೇಯ್ಗೆಯ ಊರುಗಳು ನೂಲಿನ ವ್ಯಾಪಾರ, ಸಂತೆ ಮತ್ತು ಬೀಗತನಗಳಿಂದ ಒಂದಕ್ಕೊಂದು ಹೆಣೆದುಕೊಂಡಿದ್ದುದರಿಂದ, ಒಂದೂರಿನ ಕೇರಿಯಲ್ಲಿ ನಡೆದ ಮತಾಂತರದ ಸುದ್ದಿಗೆ ಸಂಸ್ಥಾನದ ಗಡಿ ಅಡ್ಡಿಯಾಗುವ ಹಾಗಿರಲಿಲ್ಲ.

ಸಭೆಯ ಕಟ್ಟಳೆ ಮತ್ತು ಕೇರಿಯ ಬದುಕು

ಮಿಷನ್ನಿನ ಇನ್‌ಸ್ಪೆಕ್ಟರ್, ಎಂದರೆ ಮುಖ್ಯಾಧಿಕಾರಿಯಾಗಿ 1850ರಿಂದ 1879ರವರೆಗೆ ಇದ್ದ ಯೋಸೆಫ್ ಯೋಸೆನ್‌ಹಾನ್ಸ್ 1851-52ರಲ್ಲಿ ಭಾರತದ ಠಾಣೆಗಳನ್ನು ನೋಡಿ ಹೋದ ಮೇಲೆ ಸಭೆಗಳ ಆಡಳಿತವನ್ನು ಒಂದು ಕ್ರಮಕ್ಕೆ ತರುವ ಕೆಲಸ ಬಿಗಿಯಾಯಿತು. ಆ ಕ್ರಮದಲ್ಲಿ ಸಭೆಯ ಹೊಣೆ ಮಿಷನರಿಯೊಬ್ಬನದೇ ಆಗಿರದೆ ಉಪದೇಶಿಗಳಿಗೂ ಸಭಾಹಿರಿಯರಿಗೂ ಸೇರಿತು. ಉಪದೇಶಿಯೆಂದರೆ ಊರೂರಿಗೆ ಹೋಗಿ ಕಲಿಸುವ ದೇಶೀಯ ಸಹಾಯಕ. ಸಭಾಹಿರಿಯರೆಂದರೆ ಸದಸ್ಯರ ನಡತೆ, ಕಷ್ಟಸುಖ, ಜಗಳ, ಸಾಲ ಇವನ್ನೆಲ್ಲ ವಿಚಾರಿಸಲು ಸಭೆಯೊಳಗಿಂದ ನೇಮಕವಾದವರು. ಕರ್ತನ ಭೋಜನದಲ್ಲಿ, ಎಂದರೆ ಯೇಸುವಿನ ಮರಣವನ್ನು ನೆನೆದು ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯಲ್ಲಿ, ಪಾಲ್ಗೊಳ್ಳಬೇಕಾದವರು ಮೊದಲೇ ಹೆಸರು ತಿಳಿಸಬೇಕಾಗಿತ್ತು. ಯಾರೊಡನೆಯಾದರೂ ವೈಮನಸ್ಸಿದ್ದರೆ, ಕುಡಿತ ಅಥವಾ ವಂಚನೆಯ ದೂರಿದ್ದರೆ ಅದು ಸರಿಹೋಗುವವರೆಗೆ ಅವರನ್ನು ಆ ಪಂಕ್ತಿಯಿಂದ ದೂರವಿಡಲಾಗುತ್ತಿತ್ತು. ಹಾಗೆಯೇ ಆ ಪಂಕ್ತಿಯಲ್ಲಿ ಜಾತಿಭೇದಕ್ಕೆ ಎಡೆ ಕೊಡಬಾರದೆಂಬ ವಿಷಯದಲ್ಲಿ ಬಾಸೆಲ್ಲಿನವರು ಕಟ್ಟುನಿಟ್ಟಾಗಿದ್ದರು.

ಕಟ್ಟಳೆಗಳಲ್ಲಿ ನೇಕಾರನಿಗೆ ಎಲ್ಲಕ್ಕಿಂತ ಭಾರವಾದದ್ದು ಭಾನುವಾರದ ವಿಶ್ರಾಂತಿ. ಕೈಮಗ್ಗದ ಕೆಲಸ ಒಬ್ಬನ ಕೆಲಸವಲ್ಲ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಕುಳಿತವನು ಲಾಳಿ ಎಸೆಯುವ ಹೊತ್ತಿಗೆ, ಹೆಂಗಸರು ನೂಲು ಸುತ್ತಿ ಕಂಡಿಕೆ ತುಂಬಬೇಕು. ಹಾಸನ್ನು, ಎಂದರೆ ಉದ್ದನೆಯ ಎಳೆಗಳನ್ನು, ಬಿಸಿಲೇರುವ ಮೊದಲೇ ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚಿ ತೀಡುವಾಗ ಅಕ್ಕಪಕ್ಕದ ಮನೆಯವರ ಕೈಯೂ ಬೇಕು. ಈ ಸೀಮೆಯ ರೈತ ಸೋಮವಾರ ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ. ಅಮಾವಾಸ್ಯೆಗೆ ಬಿಡುವು ಮಾಡುವ ರೂಢಿಯೂ ಇತ್ತು. ಕೇರಿಯೆಲ್ಲ ದುಡಿಯುವ ಭಾನುವಾರ ಒಂದು ಮನೆ ಮಾತ್ರ ಮಗ್ಗ ನಿಲ್ಲಿಸಿದರೆ, ಆ ಮನೆ ಒಂದು ದಿನದ ಕೂಲಿಯ ಜೊತೆಗೆ ನೆರೆಯವರೊಡನೆ ಇದ್ದ ಮುಯ್ಯಿ ಸಹಾಯದ ಸಂಬಂಧವನ್ನೂ ಕಳೆದುಕೊಳ್ಳಬೇಕಾಗಿತ್ತು. ಜರ್ಮನಿಯ ಹಳ್ಳಿಯಲ್ಲಿ ಊರಿಗೆ ಊರೇ ಪಾಲಿಸುತ್ತಿದ್ದ ಒಂದು ನಿಯಮ ಇಲ್ಲಿ ಒಂದೊಂದು ಕುಟುಂಬ ಒಂಟಿಯಾಗಿ ಹೊರಬೇಕಾದ ವ್ರತವಾಯಿತು.

ಎರಡನೆಯದು ಸಾಲ. ನೂಲನ್ನು ಸಾಹುಕಾರನಿಂದ ಕಡ ತಂದು, ನೇಯ್ದ ಬಟ್ಟೆಯನ್ನು ಅವನಿಗೇ ಒಪ್ಪಿಸಿ, ಮುರಿದುಕೊಂಡು ಉಳಿದ ಕೂಲಿಯನ್ನು ಪಡೆಯುವ ವ್ಯವಸ್ಥೆಯಲ್ಲಿ ನೇಕಾರನ ತಲೆಯ ಮೇಲೆ ಸಾಲ ಇಲ್ಲದ ದಿನವೇ ಅಪರೂಪ. ಮದುವೆ ಮತ್ತು ಹಬ್ಬಗಳು ಆ ಸಾಲವನ್ನು ಏರಿಸುತ್ತಿದ್ದವು. ಆದ್ದರಿಂದ ಮದುವೆಯಲ್ಲಿ ಮೆರವಣಿಗೆ, ಬಾಜಾ-ಬಜಂತ್ರಿ, ಹೆಚ್ಚಿನ ಒಡವೆ ಬೇಡ ಎಂಬ ಸಭೆಯ ಬೋಧನೆಯಲ್ಲಿ ಧಾರ್ಮಿಕ ಶಿಸ್ತಿನಷ್ಟೇ ಮನೆತನದ ಲೆಕ್ಕಾಚಾರವೂ ಇತ್ತು. ಕುಡಿತ ಬಿಟ್ಟ, ಸಾಲ ಮಾಡದ, ಮಕ್ಕಳನ್ನು ಶಾಲೆಗೆ ಕಳಿಸುವ ಮನೆ ಒಂದು ತಲೆಮಾರಿನಲ್ಲಿ ತುಸು ಮೇಲೇರುವುದು ಸಹಜವಾಗಿತ್ತು.

ಮೂರನೆಯದು ಜಾತ್ರೆ ಮತ್ತು ಆಟ. ಮಹಾಲಿಂಗಪುರದ ಮಹಾಲಿಂಗೇಶ್ವರ, ಬನಹಟ್ಟಿಯ ಕಾಡಸಿದ್ಧೇಶ್ವರ, ಸವದತ್ತಿಯ ಎಲ್ಲಮ್ಮ ಮೊದಲಾದ ಜಾತ್ರೆಗಳು ಈ ಸೀಮೆಯ ವರ್ಷದ ಗತಿಯನ್ನೇ ನಿರ್ಧರಿಸುತ್ತವೆ. ಅಪರಾಳ ತಮ್ಮಣ್ಣನ ರಚನೆಯಾಗಿ, ಕುಲಗೋಡ ತಮ್ಮಣ್ಣನಿಂದ ಮನೆಮಾತಾದ ಶ್ರೀಕೃಷ್ಣ ಪಾರಿಜಾತದ ಬಯಲಾಟಕ್ಕೆ ಇದು ತವರುಸೀಮೆ. ಮುಂದೆ ಕಂಪನಿ ನಾಟಕ ಮತ್ತು ಚಲನಚಿತ್ರಗಳಲ್ಲಿ ಹೆಸರಾದ ಅಮೀರಬಾಯಿ ಕರ್ನಾಟಕಿ ಹುಟ್ಟಿದ್ದು ಬೀಳಗಿಯಲ್ಲಿ. ಇಂತಹ ನಾಡಿನಲ್ಲಿ ಆಟ, ಲಾವಣಿ, ಜಾತ್ರೆಗಳಿಂದ ದೂರವಿರಬೇಕೆಂದರೆ ಊರಿನ ಸಂತೋಷದ ಬಹುಭಾಗವನ್ನೇ ತೊರೆದಂತೆ. ಮಿಷನರಿಗಳಿಗೆ ಅದೇ ಜಾತ್ರೆ ಬೋಧನೆಗೆ ಸಿಗುತ್ತಿದ್ದ ದೊಡ್ಡ ಅವಕಾಶವೂ ಆಗಿತ್ತು. ಮಳೆ ನಿಂತು ಗಾಡಿದಾರಿ ಒಣಗಿದ ತಿಂಗಳುಗಳಲ್ಲಿ ಅವರೂ ಉಪದೇಶಿಗಳೂ ಡೇರೆ ಕಟ್ಟಿಕೊಂಡು ಸಂತೆ ಜಾತ್ರೆಗಳಿಗೆ ಹೋಗಿ ಮಾತನಾಡುತ್ತಿದ್ದರು, ಕಿರುಹೊತ್ತಗೆಗಳನ್ನು ಮಾರುತ್ತಿದ್ದರು. ಸಾಮಾನ್ಯ ಸದಸ್ಯ ಹೋಗಬಾರದ ಜಾಗಕ್ಕೆ ಉಪದೇಶಿ ಹೋಗಲೇಬೇಕಾಗಿತ್ತು. ಹೀಗಾಗಿ ಜಾತ್ರೆಗೂ ಸಭೆಗೂ ಇದ್ದ ಸಂಬಂಧ ಪೂರ್ತಿ ಎಂದಿಗೂ ಕಡಿಯಲಿಲ್ಲ.

ಹಾಡು ಮತ್ತು ಕಥೆಯ ವಿಷಯದಲ್ಲೂ ಇಂತಹುದೇ ಇಬ್ಬಂದಿ ಇತ್ತು. ಮಂಗಳೂರಿನಲ್ಲಿ 1841ರಲ್ಲಿ ಆರಂಭವಾದ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಪುಸ್ತಕಗಳಲ್ಲಿ ಜಾನ್ ಬನಿಯನ್ನನ ಪ್ರಸಿದ್ಧ ಕೃತಿಯ ಕನ್ನಡ ರೂಪವಾದ ‘ಯಾತ್ರಿಕನ ಸಂಚಾರ’ವೂ ಒಂದು. ನಾಶಪುರದಿಂದ ದೇವರ ನಗರಕ್ಕೆ ಹೊರಟ ಒಬ್ಬ ಸಾಮಾನ್ಯನ ಆ ಕಥೆಯಲ್ಲಿ ಲೋಕದ ಮೋಹಗಳೆಲ್ಲ ಮಾರಾಟಕ್ಕಿರುವ ಒಂದು ದೊಡ್ಡ ಪೇಟೆ ಬರುತ್ತದೆ. ಸಂತೆಯ ಗದ್ದಲವನ್ನು ವಾರವಾರ ಕಾಣುವ ನೇಕಾರನಿಗೆ ಆ ಪೇಟೆ ಅಪರಿಚಿತವಾಗಿರಲಾರದು. ಕಿಟ್ಟೆಲ್ ಮಾತ್ರ ಕಥೆಯನ್ನು ನಾಡಿನ ಛಂದಸ್ಸಿನಲ್ಲೇ ಹೇಳಬೇಕೆಂದು ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ 1862ರಲ್ಲಿ ಕನ್ನಡ ಕಾವ್ಯವಾಗಿ ಬರೆದನು. ಆರಾಧನೆಯಲ್ಲಿ ಜರ್ಮನ್ ರಾಗಗಳ ಹಾಡುಗಳು ನೆಲೆನಿಂತವು. ನಾಡಿನ ಮಟ್ಟುಗಳನ್ನು ಕೇಳಿದರೆ ಜನರ ಮನಸ್ಸು ಹಳೆಯ ಆಟಪಾಟಗಳತ್ತ ಹೊರಳಬಹುದೆಂಬ ಅಳುಕು ಒಂದು ಕಡೆ, ಪರದೇಶದ ರಾಗದಲ್ಲಿ ಹಾಡಿದ ಭಕ್ತಿ ಎದೆಗಿಳಿಯದೆಂಬ ಅರಿವು ಇನ್ನೊಂದು ಕಡೆ. ಈ ವಿವಾದದಲ್ಲಿ ಕಾಲ ಕಿಟ್ಟೆಲನ ಪರವಾಗಿ ತೀರ್ಪು ಕೊಟ್ಟಿದೆ ಎನ್ನಬಹುದು, ಏಕೆಂದರೆ ಉತ್ತರ ಕರ್ನಾಟಕದ ಸಭೆಗಳಲ್ಲಿ ಇಂದು ತಬಲಾ, ಹಾರ್ಮೋನಿಯಂ, ತಾಳಗಳೊಡನೆ ಭಜನೆ ಹಾಡುವುದು ರೂಢಿಯಾಗಿದೆ.

ಬರ, ಕಾರ್ಖಾನೆ ಮತ್ತು ಮಿಷನ್ ಕಂಪೌಂಡು

1876ರಿಂದ 1878ರವರೆಗಿನ ಮಹಾ ಬರ ಕಲಾದಗಿ ಜಿಲ್ಲೆಯನ್ನು ದಖ್ಖನಿನಲ್ಲೇ ಅತಿ ಹೆಚ್ಚು ಬಾಧಿಸಿದ ಪ್ರದೇಶಗಳಲ್ಲಿ ಒಂದಾಗಿಸಿತು; 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗದಷ್ಟು ಕುಗ್ಗಿತು. ಜೋಳ ಸಿಗದ ಕಾಲದಲ್ಲಿ ಬಟ್ಟೆ ಕೊಳ್ಳುವವರು ಯಾರು? ಹೊಲದವನಿಗಿಂತ ಮೊದಲು ಮಗ್ಗದವನು ಬೀದಿಗೆ ಬಿದ್ದನು. ಮಿಷನ್ ಗಂಜಿ, ಕೂಲಿ ಕೆಲಸ ಮತ್ತು ಅನಾಥ ಮಕ್ಕಳ ಆಶ್ರಯಗಳ ಮೂಲಕ ನೆರವಿಗೆ ನಿಂತಿತು; ಹೀಗೆ ಆಶ್ರಯ ಪಡೆದ ಮಕ್ಕಳಲ್ಲಿ ಅನೇಕರು ಮುಂದೆ ಸಭೆಯ ಸದಸ್ಯರಾದರು. ಹೊಟ್ಟೆಗಾಗಿ ಬಂದವರು ಮತ್ತು ವಿಶ್ವಾಸದಿಂದ ಬಂದವರು ಎಂಬ ಭೇದವನ್ನು ಗುರುತಿಸುವುದು ಅಲ್ಲಿಂದಾಚೆಗೆ ಕಷ್ಟವಾಯಿತು, ಊರವರ ಬಾಯಲ್ಲಂತೂ ಅದು ಕುಹಕದ ಮಾತಾಗಿ ಉಳಿಯಿತು. ಹಸಿದವನಿಗೆ ಅನ್ನ ಕೊಡುವುದು ಕ್ರೈಸ್ತ ಧರ್ಮದ ಮೊದಲ ಕರ್ತವ್ಯ. ಆದರೆ ಅನ್ನ ಕೊಟ್ಟವನ ಎದುರಿಗೆ ಉಂಡವನು ನೆಟ್ಟಗೆ ನಿಂತು ತನ್ನ ವಿಶ್ವಾಸದ ಮಾತಾಡುವುದು ಸುಲಭವಲ್ಲ.

ಜಾತಿ ಬಿಟ್ಟು ಬಂದವರಿಗೆ ಊರಿನಲ್ಲಿ ಉದ್ಯೋಗ ಸಿಗದೆ ಹೋದಾಗ ಅವರಿಗೊಂದು ಕಸುಬು ಕಲ್ಪಿಸಲೆಂದೇ ಕರಾವಳಿಯಲ್ಲಿ ಮತ್ತು ಮಲಬಾರಿನಲ್ಲಿ ನೇಯ್ಗೆಯ ಮತ್ತು ಹೆಂಚಿನ ಕಾರ್ಖಾನೆಗಳು ಹುಟ್ಟಿದವು. ಮಂಗಳೂರಿನ ನೇಯ್ಗೆ ಶಾಲೆಯಲ್ಲಿ ಮಿಷನ್ನಿನ ಹಾಲರ್ ಎಂಬಾತ 1850ರ ದಶಕದ ಆರಂಭದಲ್ಲಿ ಖಾಕಿ ಬಣ್ಣವನ್ನು ಸಿದ್ಧಪಡಿಸಿದನು. 1865ರಲ್ಲಿ ಪ್ಲೆಬ್‌ಸ್ಟ್ ಎಂಬ ಇನ್ನೊಬ್ಬ ಅಲ್ಲಿಯೇ ಹೆಂಚಿನ ಕಾರ್ಖಾನೆ ತೆರೆದನು. ಇದಕ್ಕೂ ಮೊದಲೇ, 1859ರಲ್ಲಿ, ಮಿಷನ್ನಿನ ವ್ಯಾಪಾರಕ್ಕೆಂದೇ ಪ್ರತ್ಯೇಕ ಕಂಪನಿ ರಚನೆಯಾಗಿತ್ತು. ಬೆಳಗ್ಗೆ ಪ್ರಾರ್ಥನೆಯೊಡನೆ ಕೆಲಸ ಶುರುಮಾಡುವುದು, ಕೂಲಿಯಲ್ಲಿ ಒಂದಿಷ್ಟನ್ನು ಉಳಿತಾಯಕ್ಕೆ ಹಾಕಿಸುವುದು, ಕುಡಿದು ಬಂದವನನ್ನು ಒಳಗೆ ಬಿಡದಿರುವುದು ಅಲ್ಲಿನ ಪದ್ಧತಿ. ವಿಶ್ವಾಸದ ಸರಳತೆಯನ್ನು ಕಾಪಾಡಲು ಹೊರಟ ಸಂಸ್ಥೆ ಲಾಭದ ವ್ಯಾಪಾರಕ್ಕೆ ಇಳಿಯಬಹುದೇ ಎಂಬ ವಾದ ಮಿಷನ್ನಿನೊಳಗೆ ನಡೆಯಿತು. ಲಾಭ ಯಾರ ಕಿಸೆಗೂ ಹೋಗದೆ ಧರ್ಮಕಾರ್ಯಕ್ಕೆ ಸಲ್ಲುತ್ತದೆ ಎಂಬ ಸಮಾಧಾನ ಅದಕ್ಕೆ ಉತ್ತರವಾಯಿತು. ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1904-05ರಲ್ಲಿ ಬರೆದ ತನ್ನ ಪ್ರಬಂಧದಲ್ಲಿ, ಭೋಗವನ್ನು ತೊರೆದು ದುಡಿಯುವ ಪ್ರೊಟೆಸ್ಟೆಂಟ್ ಪಂಥಗಳ ಶಿಸ್ತು ತನಗೇ ತಿಳಿಯದಂತೆ ಸಂಪತ್ತನ್ನು ಕೂಡಿಸುತ್ತದೆ ಎಂದು ವಿಶ್ಲೇಷಿಸಿದನು. ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಗೆ ಈ ಅಪಾಯ ನೂರು ವರ್ಷಗಳಿಗೂ ಹಿಂದೆಯೇ ಕಂಡಿತ್ತು. ಆಗುವಷ್ಟು ದುಡಿದು ಆಗುವಷ್ಟು ಉಳಿಸುವವನು ಆಗುವಷ್ಟನ್ನೂ ಕೊಟ್ಟುಬಿಡದಿದ್ದರೆ ಅವನ ಭಕ್ತಿಯೇ ಅವನಿಗೆ ಉರುಳಾಗುತ್ತದೆ ಎಂಬುದು ಅವನ ಬೋಧನೆಯ ಸಾರ.

ಲಂಡನ್ ಮಿಷನ್ ತನ್ನ ಬೆಳಗಾವಿಯ ಕೆಲಸವನ್ನು 1904ರಲ್ಲಿ ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಗೆ ಬಿಟ್ಟುಕೊಟ್ಟಾಗ ಇದೇ ವೆಸ್ಲಿಯ ಪರಂಪರೆ ಈ ಸೀಮೆಯ ಪಶ್ಚಿಮದ ಅಂಚಿಗೆ ಬಂದಿತು. ಮೆಥೊಡಿಸ್ಟರ ಕೆಲಸ ಬೆಳೆದದ್ದು ಹೆಚ್ಚಾಗಿ ಹಳ್ಳಿಗಳ ದಲಿತ ಕೇರಿಗಳಲ್ಲಿ. ತೊರೆಯಲು ಆಸ್ತಿಯೇ ಇಲ್ಲದವರ ನಡುವೆ ಸರಳತೆಯ ಬೋಧನೆಗೆ ಬೇರೆಯದೇ ಅರ್ಥ ಬಂದಿತು. ಊರ ಹಬ್ಬದಲ್ಲಿ ಬಿಟ್ಟಿ ಕೆಲಸ, ಸತ್ತ ದನದ ಮಾಂಸ, ದೇವದಾಸಿ ಬಿಡುವ ಪದ್ಧತಿ ಇವುಗಳಿಂದ ಬಿಡಿಸಿಕೊಳ್ಳುವುದು ಇಲ್ಲಿ ಲೋಕವನ್ನು ತೊರೆಯುವುದಾಗಿರಲಿಲ್ಲ, ತಲೆಯೆತ್ತಿ ಬದುಕುವ ಹಕ್ಕನ್ನು ಪಡೆಯುವುದಾಗಿತ್ತು. ಪಯಟಿಸಂನ ಕಟ್ಟಳೆಗಳನ್ನು ಅಳೆಯುವಾಗ ಈ ಭೇದವನ್ನು ಮರೆಯಬಾರದು: ಒಂದೇ ನಿಷೇಧ ಉಳ್ಳವನಿಗೆ ಸಂಯಮವಾದರೆ ಇಲ್ಲದವನಿಗೆ ಬಿಡುಗಡೆಯಾಗಬಹುದು.

ಮಿಷನ್ ಕಂಪೌಂಡು, ಎಂದರೆ ಬಂಗಲೆ, ಶಾಲೆ, ಬೋರ್ಡಿಂಗ್ ಮತ್ತು ಸದಸ್ಯರ ಮನೆಗಳು ಒಂದೇ ಆವರಣದಲ್ಲಿರುವ ವಸತಿ, ಕೇರಿಯ ಒತ್ತಡದಿಂದ ಹೊಸ ವಿಶ್ವಾಸಿಗಳನ್ನು ಕಾಯಲು ಹುಟ್ಟಿದ್ದು. ಕಾಲಕ್ರಮದಲ್ಲಿ ಅದೇ ಒಂದು ಪುಟ್ಟ ಲೋಕವಾಗಿ, ಮನೆ, ಸಾಲ, ನೌಕರಿ, ಶಿಫಾರಸು ಎಲ್ಲವೂ ಬಂಗಲೆಯ ಬಾಗಿಲಲ್ಲಿ ಸಿಗುವಂತಾಯಿತು. ಯೇಸು ಹೇಳಿದ ಬಿತ್ತುವವನ ಸಾಮ್ಯದಲ್ಲಿ ಕೆಲವು ಬೀಜ ಮುಳ್ಳುಗಿಡಗಳ ನಡುವೆ ಬಿದ್ದು, ಪ್ರಪಂಚದ ಚಿಂತೆ ಮತ್ತು ಐಶ್ವರ್ಯದ ಮೋಹದಿಂದ ಉಸಿರುಗಟ್ಟಿ ಹೋಗುತ್ತದೆ. ಮಿಷನರಿಗಳು ಆ ಮುಳ್ಳುಗಳನ್ನು ಜಾತ್ರೆಯಲ್ಲಿ, ಆಟದಲ್ಲಿ, ಸಾರಾಯಿ ಅಂಗಡಿಯಲ್ಲಿ ಗುರುತಿಸಿದರು. ಕಂಪೌಂಡಿನ ಬೇಲಿಯೊಳಗೆ ಬೆಳೆಯುತ್ತಿದ್ದ ಮುಳ್ಳನ್ನು ಅಷ್ಟು ಬೇಗ ಗುರುತಿಸಲಿಲ್ಲ.

ಆಸರೆ ತಪ್ಪಿದ ಮೇಲೆ

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಜರ್ಮನ್ ಮಿಷನರಿಗಳು ಶತ್ರುದೇಶದ ಪ್ರಜೆಗಳಾದರು. ಅವರಲ್ಲಿ ಅನೇಕರನ್ನು ಅಹಮದನಗರದಲ್ಲಿ ಬಂಧನದಲ್ಲಿರಿಸಿ, ಮುಂದೆ ದೇಶದಿಂದ ಹೊರಕ್ಕೆ ಕಳಿಸಲಾಯಿತು. ಕಾರ್ಖಾನೆಗಳು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಗೆ ಹೋದವು. ಧಾರವಾಡ-ವಿಜಾಪುರ ಸೀಮೆಯ ಸಭೆಗಳ ನೆರವಿಗೆ ಸ್ವಿಸ್ ಜನರ ಕೆನರೀಸ್ ಇವ್ಯಾಂಜೆಲಿಕಲ್ ಮಿಷನ್ ಬಂದಿತಾದರೂ ಹಳೆಯ ಆಸರೆ ಹಾಗೆಯೇ ಉಳಿಯಲಿಲ್ಲ. ಬಂಗಲೆ ಬರಿದಾದ ಆ ವರ್ಷಗಳಲ್ಲಿ ಸಭೆಯನ್ನು ನಡೆಸಿದವರು ದೇಶೀಯ ಸಭಾಪಾಲಕರು, ಉಪದೇಶಿಗಳು, ಶಾಲೆಯ ಮಾಸ್ತರರು ಮತ್ತು ಮನೆಯ ಹಿರಿಯ ಹೆಂಗಸರು. ಸಂಜೆ ದೀಪ ಹಚ್ಚಿದ ಮೇಲೆ ಮನೆಮಂದಿ ಕೂಡಿ ಒಂದು ಅಧ್ಯಾಯ ಓದಿ, ಒಂದು ಹಾಡು ಹೇಳಿ, ಪ್ರಾರ್ಥನೆ ಮಾಡಿ ಉಣ್ಣುವ ಕುಟುಂಬ ಪ್ರಾರ್ಥನೆಯ ಪದ್ಧತಿಗೆ ಬಂಗಲೆಯ ಹಣ ಬೇಕಾಗಿರಲಿಲ್ಲ. ಸುಗ್ಗಿಯ ಕೃತಜ್ಞತಾ ಆರಾಧನೆಯಲ್ಲಿ ಜೋಳದ ತೆನೆ, ಕಡಲೆ, ಕೋಳಿ, ಒಂದು ಗಜ ಬಟ್ಟೆ ಹೀಗೆ ಕೈಲಾದದ್ದನ್ನು ತಂದು ಪೀಠದ ಮುಂದಿಟ್ಟು, ಆಮೇಲೆ ಅಂಗಳದಲ್ಲಿ ಸವಾಲು ಕೂಗಿ, ಬಂದ ಹಣವನ್ನು ಸಭೆಗೆ ಕೊಡುವ ರೂಢಿಗೂ ಹೊರಗಿನ ಅಪ್ಪಣೆ ಬೇಕಾಗಿರಲಿಲ್ಲ. ಈ ಸವಾಲಿನಲ್ಲಿ ಸಂತೆಯ ಗದ್ದಲವಿದೆ, ಜಾತ್ರೆಯ ನಗುವಿದೆ. ಲೋಕವೆಂದು ದೂರ ಇಟ್ಟಿದ್ದನ್ನು ಸಭೆ ತನ್ನದೇ ರೀತಿಯಲ್ಲಿ ಒಳಗೆ ಕರೆದುಕೊಂಡ ಬಗೆ ಇದು.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಸ್ಥಾಪನೆಯಾಯಿತು. ಈ ಸೀಮೆಯ ಬಾಸೆಲ್ ಪರಂಪರೆಯ ಸಭೆಗಳು ಅದನ್ನು ಸೇರಿದ್ದು ಆಮೇಲೆ, ಅವು ಇಂದು ಧಾರವಾಡ ಕೇಂದ್ರವಾಗಿರುವ ಉತ್ತರ ಕರ್ನಾಟಕ ಧರ್ಮಪ್ರಾಂತದ ಭಾಗವಾಗಿವೆ. 1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು, 1997ರಲ್ಲಿ ಬಾಗಲಕೋಟೆ ಜಿಲ್ಲೆ ರೂಪುಗೊಂಡಿತು. ರಬಕವಿ-ಬನಹಟ್ಟಿಯಲ್ಲಿ ಕುಣಿಮಗ್ಗದ ಜಾಗವನ್ನು ಬಹುಮಟ್ಟಿಗೆ ವಿದ್ಯುತ್ ಮಗ್ಗಗಳು ಹಿಡಿದವು, ಘಟಪ್ರಭೆಯ ನೀರು ಕಂಡ ಹೊಲಗಳಲ್ಲಿ ಕಬ್ಬು ಬೆಳೆದು ಸಕ್ಕರೆ ಕಾರ್ಖಾನೆಗಳು ಎದ್ದವು, ಮನೆಮನೆಗೆ ಟೀವಿಯೂ ಮೊಬೈಲೂ ಬಂದವು. ಎರಡು ದಾರಿಗಳ ಚಿತ್ರವನ್ನು ಕಲ್ಪಿಸಿದ ಸ್ಟುಟ್‌ಗಾರ್ಟಿನ ರೈಹ್ಲೆನ್‌ಳಿಗೆ ಈ ಸಾಮಗ್ರಿ ಸಿಕ್ಕಿದ್ದರೆ ಎಡಬದಿಯ ದಾರಿ ಇನ್ನಷ್ಟು ಕಿಕ್ಕಿರಿಯುತ್ತಿತ್ತು.

ಈ ಚರಿತ್ರೆಯಿಂದ ಹೊರಡುವ ತೀರ್ಮಾನ ಸ್ಪಷ್ಟವಾಗಿದೆ. ಬಾಸೆಲ್ಲಿನ ಕಟ್ಟಳೆಗಳಲ್ಲಿ ಹೊರಗಿನಿಂದ ಹೇರಿದಂಥವು, ಎಂದರೆ ಉಡುಪು, ರಾಗ, ಆಟಗಳ ಮೇಲಿನ ನಿಷೇಧಗಳು, ಒಂದೆರಡು ತಲೆಮಾರಿನಲ್ಲಿ ಸಡಿಲಗೊಂಡವು. ಜನರು ತಮ್ಮ ಬದುಕಿಗೆ ಒದಗಿತೆಂದು ತಾವೇ ಎತ್ತಿಕೊಂಡಂಥವು, ಎಂದರೆ ಕುಡಿತ ಮತ್ತು ಸಾಲದಿಂದ ದೂರವಿರುವುದು, ವಾರದ ಒಂದು ದಿನದ ಬಿಡುವು, ಮನೆಯ ಪ್ರಾರ್ಥನೆ, ಕೈಲಾದಷ್ಟು ಕೊಡುವುದು, ಉಳಿದುಕೊಂಡವು. ವಿಶ್ವಾಸವನ್ನು ಜಟಿಲಗೊಳಿಸಿದ ದೊಡ್ಡ ಮೋಹ ಊರ ಜಾತ್ರೆಯಲ್ಲಿ ಇರಲಿಲ್ಲ. ಅದು ಧರ್ಮದ ಹೆಸರಿನಲ್ಲೇ ಬರುವ ಆಸ್ತಿ, ಅಧಿಕಾರ ಮತ್ತು ಆಶ್ರಯದಲ್ಲಿತ್ತು, ಆ ಅಪಾಯ ಯಾವ ಧರ್ಮದ ಸಂಸ್ಥೆಗೂ ಇಂದಿಗೂ ತಪ್ಪಿದ್ದಲ್ಲ. ಗುಳೇದಗುಡ್ಡ, ಬೆಟಗೇರಿ ಠಾಣೆಗಳ ವರದಿಗಳು ಬಾಸೆಲ್ ನಗರದ ಪತ್ರಾಗಾರದಲ್ಲಿ ಬಹುಮಟ್ಟಿಗೆ ಜರ್ಮನ್ ಕೈಬರಹದಲ್ಲಿವೆ. ಅವುಗಳನ್ನು ಓದಿ ಕನ್ನಡಕ್ಕೆ ತರುವ ಸಂಶೋಧಕರು ಬೇಕು. ಅದಕ್ಕಿಂತ ಮೊದಲು, ಈ ನಾಲ್ಕು ತಾಲ್ಲೂಕುಗಳ ಹಿರಿಯರು ತಮ್ಮ ಅಜ್ಜ-ಅಜ್ಜಿಯರಿಂದ ಕೇಳಿದ ಸಭೆಯ ನಡಾವಳಿ, ಹಾಡು, ಸುಗ್ಗಿಯ ಆರಾಧನೆಗಳ ನೆನಪನ್ನು ಸ್ಥಳೀಯ ಕಾಲೇಜುಗಳ ಚರಿತ್ರೆ ವಿಭಾಗಗಳು ಈಗಲೇ ಬರೆದಿಟ್ಟುಕೊಳ್ಳಬೇಕು.